ಅಲಾರಾಂ ಬಂದ್ ಮಾಡಿದ್ದು ಯಾರು

ಕಳೆದ ವಾರ ಕಲಘಟಗಿಯ ಒಂದು ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಮಷಿನ್ನಿನ ಬಾಜುವಿಗೇ ಊದುಬತ್ತಿ ಸಿಕ್ಕಿಸಿದ್ದ. ಕಾದ ಯಂತ್ರದ ವಾಸನೆ, ಊದುಬತ್ತಿಯ ವಾಸನೆ ಎರಡೂ ಕೂಡಿ ಮೂಗಿಗೆ ಬಡಿದದ್ದೇ ತಡ, ಮೊರಬದ ಟೆಲಿಫೋನ್ ಎಕ್ಸ್‌ಚೇಂಜ್ ಕಣ್ಣ ಮುಂದೆ ಬಂತು. ಅಲ್ಲಿಯ ಹಿರಿಯ ಟೆಕ್ನಿಷಿಯನ್ ದಿನಾ ಬೆಳಿಗ್ಗೆ ಬಂದವರೇ ಫೋನ್ ಯಂತ್ರದ ಪೆಟ್ಟಿಗೆಗೆ ಊದುಬತ್ತಿ ಬೆಳಗುತ್ತಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಎಷ್ಟೋ ವರ್ಷವಾಯಿತು… ಹೊಟ್ಟೆಯೊಳಗಿನ ಉರಿ ಮಾತ್ರ ಆರಿಲ್ಲ.

ಡಿಪ್ಲೊಮಾ ಮುಗಿಸಿ ಗುತ್ತಿಗೆಯ ಮೇಲೆ ಸೇರಿದ ಹುಡುಗಿ ನಾನು. ಕೆಲಸ ಚೆನ್ನಾಗಿ ಮಾಡಿದರೆ ಮುಂದುವರಿಸುತ್ತೇವೆ ಎಂದಿದ್ದರು. ನಮ್ಮ ಮನೆಯಲ್ಲಿ ಸಂಬಳದ ಮುಖ ಕಂಡವಳು ನಾನೇ ಮೊದಲು. ಕಾಕಾ ಮಗಳಿಗೆ ಕಲಿಸಿದಂತೆ ಕಲಿಸಿದರು. ಅವರ ಹೆಂಡತಿ ಬುತ್ತಿಯಲ್ಲಿ ನನ್ನ ಪಾಲಿನ ರೊಟ್ಟಿಯನ್ನೂ ಕಟ್ಟುತ್ತಿದ್ದರು.

ಊರಿನ ಫೋನ್ ಕರೆಗಳನ್ನೆಲ್ಲ ಒಟ್ಟುಮಾಡಿ ನವಲಗುಂದದ ದೊಡ್ಡ ಎಕ್ಸ್‌ಚೇಂಜಿಗೆ ಕಳಿಸುವ ಪೆಟ್ಟಿಗೆ ಅದು. ಒಳಗೆ ಅದರದೇ ಗಡಿಯಾರವಿದ್ದರೂ ನವಲಗುಂದದಿಂದ ಬರುವ ತಾಳಕ್ಕೇ ಅದು ಹೆಜ್ಜೆ ಹಾಕಬೇಕು. ತಾಳ ತಪ್ಪಿತೋ, ಮಾತಿನ ನಡುವೆ ಟಕ್ ಟಕ್ ಸದ್ದು ಶುರು, ಬ್ಯಾಂಕಿನ ಲೈನ್ ಬಂದ್.

"ತಾಳ ಯಾವಾಗ್ಲೂ ಮ್ಯಾಲಿಂದ ತಗೋಬೇಕ ಯವ್ವಾ. ಎರಡು ಪೆಟಗಿ ಒಂದರ ಮಾರಿ ಒಂದು ನೋಡಕೋತ ಕುಂತ್ರ ಎರಡೂ ದಾರಿ ತಪ್ಪತಾವು," ಎನ್ನುತ್ತಿದ್ದರು ಕಾಕಾ. "ಅಲಾರಾಂ ಹೊಡಕೊಂಡ್ರ ಅದರ ಬಾಯಿ ಮುಚ್ಚಬ್ಯಾಡ. ಯಾಕ ಒದರಾಕತ್ತೈತಿ ಅಂತ ನೋಡು."

ಇಷ್ಟು ಹೇಳಿಕೊಟ್ಟವರೇ ಒಂದು ದಿನ ಎಡವಿದರು. ಮುಂದಿನ ಹಳ್ಳಿಗೆ ಹೊಸ ಲೈನ್ ಜೋಡಿಸಬೇಕಿತ್ತು. ಅವರಿಗೆ ಬಳಗದ ಲಗ್ನಕ್ಕೆ ಹೋಗುವ ಅವಸರ. ಗಡಿಬಿಡಿಯಲ್ಲಿ ನಮ್ಮ ಪೆಟ್ಟಿಗೆ ಆ ಹಳ್ಳಿಯಿಂದಲೇ ತಾಳ ತೆಗೆದುಕೊಳ್ಳುವಂತೆ ಹೊಂದಿಸಿಬಿಟ್ಟರು. ಆ ಹಳ್ಳಿಯ ಪೆಟ್ಟಿಗೆಯೋ, ನಮ್ಮ ತಾಳಕ್ಕೆ ಕಿವಿಗೊಟ್ಟು ಕೂತಿತ್ತು. ಸ್ವಲ್ಪ ಹೊತ್ತಿಗೇ ಕೆಂಪು ದೀಪ ಹತ್ತಿ ಗಂಟೆ ಹೊಡೆದುಕೊಳ್ಳತೊಡಗಿತು. ಅಲಾರಾಂ ಬಂದರೆ ಧಾರವಾಡದ ಕಚೇರಿಗೂ ಕಾಣುತ್ತದೆ, ಅವರು ಫೋನ್ ಮಾಡಿ ಪ್ರಾಣ ತಿನ್ನುತ್ತಾರೆ. ಕಾಕಾ ಅಲಾರಾಮನ್ನೇ ಬಂದ್ ಮಾಡಿದರು.

"ಕಾಕಾ, ತಾಳ ಕೆಳಗಿನ ಊರಿಂದ ತಗೊಂಡಂಗ ಆಗೇತ್ರಿ," ಎಂದೆ.

"ಲಗ್ನಾ ಮುಗಿಸಿ ಬಂದು ನೋಡತೇನಿ. ನೀ ಏನೂ ಮುಟ್ಟಬ್ಯಾಡ," ಎಂದು ಚೀಲ ಎತ್ತಿಕೊಂಡು ಹೊರಟೇಬಿಟ್ಟರು.

ಹಿರಿಯರು ಕೈಯಾಡಿಸಿದ್ದನ್ನು ಕಿರಿಯರು ತಿದ್ದಬಾರದು ಎಂಬುದು ಅಲ್ಲಿಯ ರೂಢಿ. ನಾನು ಮುಟ್ಟಲಿಲ್ಲ. ಬ್ಯಾಂಕಿನ ಲೈನ್ ಬಿದ್ದು ಬಿದ್ದು ಏಳುತ್ತಿತ್ತು. ಪಿಂಚಣಿಗೆ ಬಂದ ಮುದುಕಿಯರು ಕಟ್ಟೆಯ ಮೇಲೆ ಕೂತು ನನಗೇ ಶಾಪ ಹಾಕಿದರು. ಕಾಕಾಗೆ ಫೋನ್ ಮಾಡಿ ಮಾಡಿ ಸಾಕಾಯಿತು, ಎತ್ತಲಿಲ್ಲ. ಅವರು ಲಗ್ನದಿಂದ ಮರಳಿದ ದಿನವೇ, ಬ್ಯಾಂಕಿನವರ ದೂರಿನ ಮೇಲೆ ಧಾರವಾಡದಿಂದ ಅಧಿಕಾರಿಯೂ ಬಂದಿಳಿದರು.

"ಅಲಾರಾಂ ಬಂದ್ ಮಾಡಿದ್ದು ಯಾರು?" ಎಂದು ಸಾಹೇಬರು ಕೇಳಿದರು.

ಕಾಕಾ ನನ್ನತ್ತ ನೋಡಲಿಲ್ಲ. "ಹುಡುಗಿ ಹೊಸದೈತ್ರೀ ಸಾಹೇಬ್ರ, ತಿಳೀದ ಮಾಡೇತಿ. ದೊಡ್ಡ ಮನಸ್ಸು ಮಾಡಿ ಬಿಟ್ಟಬಿಡ್ರಿ," ಎಂದು ಕೈಮುಗಿದರು.

ನನ್ನ ಪರವಾಗಿ ಕ್ಷಮೆ ಬೇರೆ! ಸಾಹೇಬರು ಜೀಪು ಹತ್ತುವುದರೊಳಗೆ ಕಾಕಾ ನಿಜ ಹೇಳುತ್ತಾರೆ ಎಂದು ಕಾದೆ. ಜೀಪು ಹೋಯಿತು… ಗುತ್ತಿಗೆಯೂ ಅಲ್ಲಿಗೇ ಮುಗಿಯಿತು. ಅವರಿಗೆ ನಿವೃತ್ತಿ ಹತ್ತಿರವಿತ್ತು, ಹೆದರಿದ್ದರು, ಅದು ನನಗೂ ಗೊತ್ತು. ಒಮ್ಮೆ ಬದಿಗೆ ಕರೆದು ಕೇಳಿದ್ದರೆ ನಾನೇ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಕೇಳಲೇ ಇಲ್ಲವಲ್ಲ, ಅದೇ ಇಂದಿಗೂ ಚುಚ್ಚುತ್ತದೆ.

ನಿವೃತ್ತರಾದ ಮೇಲೆ ಅವರು ತಮ್ಮೂರು ದುಮ್ಮವಾಡಕ್ಕೆ ಹೋದದ್ದೂ, ಅಲ್ಲಿಯೇ ತೀರಿಕೊಂಡದ್ದೂ ಯಾರಿಂದಲೋ ತಿಳಿದಿತ್ತು. ಝೆರಾಕ್ಸ್ ಅಂಗಡಿಯಿಂದ ಹೊರಬಿದ್ದವಳು ದುಮ್ಮವಾಡದ ಬಸ್ಸು ಹತ್ತಿದೆ. ಅವರಂತೂ ಇಲ್ಲ, ಅವರ ಹೆಂಡತಿಗಾದರೂ ನಡೆದದ್ದನ್ನು ಹೇಳಿಬಿಡಬೇಕು, ಈ ಭೂಮಿಯ ಮೇಲೆ ಒಬ್ಬರಿಗಾದರೂ ಗೊತ್ತಿರಬೇಕು ಎನಿಸಿತು.

ಆಕೆ ಪಡಸಾಲೆಯಲ್ಲಿ ಕಾಳು ಹಸನು ಮಾಡುತ್ತ ಕೂತಿದ್ದರು. ಗುರುತು ಹಿಡಿದರು. ಆದರೆ ಬಾ ಎನ್ನಲಿಲ್ಲ.

"ಈಗ ನೆನಪಾತೇನ ಬೇ ನಮ್ಮದು? ಚಲೋ ನೌಕರಿ ಸಿಕ್ತಂತ ಒಂದ್ ಮಾತೂ ಹೇಳದ ಹೋದಿ. ನಿಮ್ಮ ಕಾಕಾ ಬಾಳ ನೊಂದ್ಕೊಂಡ್ರು. ನನಗರೆ ಹೇಳಿ ಹೋಗಬಾರದಿತ್ತೇನ?"

ಅಂದರೆ ಮನೆಯಲ್ಲೂ ನನ್ನನ್ನೇ ಕೆಟ್ಟವಳನ್ನಾಗಿ ಮಾಡಿದ್ದರು… ಇಷ್ಟು ವರ್ಷ ಈ ತಾಯಿ ನನ್ನ ಮೇಲೆ ಮುನಿಸಿಕೊಂಡೇ ಕೂತಿದ್ದರು. ನಿಜ ತುಟಿಯವರೆಗೂ ಬಂದಿತ್ತು. ಆದರೆ ಸೆರಗಿನ ಅಂಚಿನಿಂದ ಕಣ್ಣೊರೆಸಿಕೊಳ್ಳುವ ಆ ಜೀವದ ಹತ್ತಿರ ಈಗ ಉಳಿದಿರುವುದು ಗಂಡನ ಒಳ್ಳೆಯ ಹೆಸರೊಂದೇ.

"ತಪ್ಪಾತ್ರಿ ಕಾಕೂ," ಎಂದೆ.

"ಹೋಗ್ಲಿ ಬಿಡು. ಬಂದ್ಯಲ್ಲ," ಎಂದು ಚಾಪೆ ಹಾಸಿದರು.

ನಾನು ಮಾಡದ ತಪ್ಪಿಗೆ ಕ್ಷಮೆ ಕೇಳಿದ್ದು ಇದು ಎರಡನೆಯ ಸಲ. ಮೊದಲ ಸಲ ನನ್ನ ಪರವಾಗಿ ಕೇಳಿದವರು ಕಾಕಾ, ಈ ಸಲ ಕೇಳಿದವಳು ನಾನೇ.