ಶೇಂಗಾ ಕಾಯಲು ತಂದ ಹುಲಿ

ನಮ್ಮ ಹುಲಿಯ ಬೆನ್ನಿಗೆ ಒರಗಿ ಕುಳಿತ ತಾಯಿ ಮಂಗ ಅದರ ತಲೆಯಲ್ಲಿ ಹೇನು ಹುಡುಕುತ್ತಿತ್ತು.

ಹುಲಿ ಎಂದರೆ ನಾಯಿಯಷ್ಟು ದೊಡ್ಡ ಬಟ್ಟೆಯ ಬೊಂಬೆ. ಯಾಪಲದಿನ್ನಿಯ ನಮ್ಮ ಹೊಲದಲ್ಲಿ ಶೇಂಗಾ ಬಲಿತಿತ್ತು, ಮಂಗಗಳು ಗಿಡವನ್ನೇ ಕಿತ್ತು ತಿನ್ನುತ್ತಿದ್ದವು. ಹೆದರಿಸಲೆಂದು ರಾಯಚೂರಿನಿಂದ ಹುಲಿ ತಂದು ಬದುವಿನ ಮೇಲೆ ನಿಲ್ಲಿಸಿದ್ದೆ. ನಾಲ್ಕು ದಿನ ಒಂದು ಮಂಗವೂ ಸುಳಿಯಲಿಲ್ಲ. ಇನ್ನು ಕಾವಲಿನ ಚಿಂತೆಯಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಐದನೆಯ ದಿನ ನನ್ನ ಜೊತೆ ಹೊಲಕ್ಕೆ ಬಂದ ಹೆಂಡತಿ ಇದನ್ನು ಕಂಡು ಸೆರಗು ಬಾಯಿಗೆ ಹಿಡಿದು ನಕ್ಕಳು. "ಹೇನಾಗ್ಯಾವಂತ ನೋಡ್ರಿ ನಿಮ್ಮ ಹುಲಿಗಿ! ಮೊದ್ಲೇ ಹೇಳಿದ್ರ ನಾನ ಬಾಚಿ ಕಳಸ್ತಿದ್ದೆ."

"ನಗಬ್ಯಾಡ, ಸುಮ್ನಿರಬೇ" ಎಂದವನೇ ಕವಣೆಗೆ ಕಲ್ಲಿಟ್ಟು ಕೂಗುತ್ತ ಓಡಿದೆ. ಗಾಬರಿಬಿದ್ದ ಹಿಂಡು ಬೇವಿನ ಮರ ಏರಿತು, ತಾಯಿಯೂ ಏರಿತು. ದೂರದಲ್ಲಿ ಕಾಯಿ ಸುಲಿಯುತ್ತ ಕುಳಿತಿದ್ದ ಅದರ ಮರಿ ಮಾತ್ರ ಹಿಂದೆ ಉಳಿಯಿತು. ನನ್ನನ್ನು ಕಂಡದ್ದೇ ಅದು ಚೀರಿ, ಹುಲಿಯ ಹೊಟ್ಟೆಯಡಿ ನುಗ್ಗಿ, ಅದರ ಕಾಲನ್ನು ಎರಡೂ ಕೈಯಿಂದ ಅಪ್ಪಿಕೊಂಡಿತು. ಅಲ್ಲಿಂದ ನನ್ನನ್ನೇ ನೋಡುತ್ತಿತ್ತು.

ಎತ್ತಿದ ಕೈ ತಾನಾಗಿ ಇಳಿಯಿತು. ನಾನು ಹಿಂದೆ ಸರಿದು ನಿಂತೆ. ತಾಯಿ ಮರದಿಂದ ಇಳಿದು ಬಂದು, ನನ್ನತ್ತ ಹಲ್ಲು ಕಿರಿದು, ಮರಿಯನ್ನು ಹೊಟ್ಟೆಗೆ ಅವಚಿಕೊಂಡು ಹೋಯಿತು.

ಶೇಂಗಾ ಮನೆ ಸೇರುವವರೆಗೆ ಹಗಲೆಲ್ಲ ನಾನೇ ಹೊಲ ಕಾದೆ. ಹುಲಿಯನ್ನೂ ಅಲ್ಲಿಯೇ ಬಿಟ್ಟಿದ್ದೆ. ಕೂಗು ಹಾಕುವ ಮುಂಚೆ ಅದರ ಹೊಟ್ಟೆಯಡಿ ಯಾರಾದರೂ ಇದ್ದಾರೆಯೇ ಎಂದು ಬಗ್ಗಿ ನೋಡುವುದು ನನಗೆ ರೂಢಿಯಾಯಿತು.