ಐದರೊಳಗೆ ಒಂದು ಫೋನು

ನನ್ನ ಮೊಮ್ಮಗಳು ಹೊರಗಿನವರೊಡನೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದಾಗ ನನ್ನ ಕೈಗಳೆರಡೂ ಸಕ್ಕರೆ ಪಾಕದಲ್ಲಿದ್ದವು. ಇವತ್ತಿಗೂ ಯಾರು ಸಿಕ್ಕರೂ ಅದನ್ನು ಹೇಳುತ್ತೇನೆ. ನಾನು ಮೂರನೇ ಇಯತ್ತೆ ಕಲಿತವಳು, ಬರೆಯಲು ಕೂತರೆ ಅಕ್ಷರ ಡೊಂಕಾಗುತ್ತವೆ. ಆಗಲಿ.

ಹುಡುಗಿಗೆ ಆಗ ಏಳು ವರ್ಷ. ಮನೆಯಲ್ಲಿ ಗುಬ್ಬಿಯ ಹಾಗೆ ಚಿಲಿಪಿಲಿ, ಹೊಸ್ತಿಲು ದಾಟಿದರೆ ಬಾಯಿಗೆ ಬೀಗ. ಶಾಲೆಯಲ್ಲಿ ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು, ದನಿ ಇಲ್ಲ. ಹೀಗೇ ಆದರೆ ಬೇರೆ ಶಾಲೆ ನೋಡಿ ಎಂದರು ಟೀಚರು. ಮಗ-ಸೊಸೆ ಹುಡುಕಾಡಿ, ಲಕ್ಷ್ಮೀ ನಗರದಲ್ಲಿ ಮನೆಯ ಮಹಡಿಯ ಮೇಲೆ ಮನಸ್ಸಿನ ಚಿಕಿತ್ಸೆ ಮಾಡುವ ಒಬ್ಬ ಹೆಣ್ಣುಮಗಳನ್ನು ಗೊತ್ತುಮಾಡಿದರು. ನಮ್ಮೂರಲ್ಲಿ ಮನೆಯಾಚೆ ಎಲ್ಲ ಮರಾಠಿಯೇ, ಅದರ ರೂಢಿಯಂತೆ ನಾವೂ ಅವರನ್ನು ಬಾಯಿಯವರು ಅಂದೆವು. ವಾರವಾರ ಕರೆದೊಯ್ಯುವ ಪಾಳಿ ನನ್ನದು.

ಮೊದಲ ದಿನ ಶೇಂಗಾ ಉಂಡಿಯ ಡಬ್ಬಿ ಹಿಡಿದು ಹೋದೆ. ಬರಿಗೈಲಿ ಒಬ್ಬರ ಮನೆಗೆ ಹೋಗುವುದುಂಟೆ? ಬಾಯಿಯವರು ಒಂದನ್ನೂ ಮುಟ್ಟಲಿಲ್ಲ. ಫೀ ಬಿಟ್ಟು ಏನೂ ತಗೊಳ್ಳುವುದಿಲ್ಲ ಎಂದು ಮರಾಠಿಯಲ್ಲಿ ನಗುತ್ತಲೇ ಹೇಳಿದರು. ಗುಳಿಗೆ ಇಲ್ಲ, ಬರೀ ಆಟ, ಬೊಂಬೆ, ಚಿತ್ರ. ಮುಕ್ಕಾಲು ಗಂಟೆ ನಾನು ಹೊರಗೆ ಕೂಡಬೇಕು. ಬರಲಾಗದಿದ್ದರೆ ಹಿಂದಿನ ದಿನ ಐದರೊಳಗೆ ಫೋನ್ ಮಾಡಬೇಕು, ಇಲ್ಲದಿದ್ದರೆ ಪೂರಾ ಫೀ. ಒಳಗೆ ಏನು ನಡೆಯಿತೆಂದು ಮಗುವನ್ನು ಕೇಳಕೂಡದು. ಯಾರಾದರೂ ಅವಳನ್ನು ಮಾತಾಡಿಸಿದರೆ ನಾನು ನಡುವೆ ಉತ್ತರ ಕೊಡಕೂಡದು. ಅವಳು ಮಾತಾಡಿದ ದಿನ ಚಪ್ಪಾಳೆಯನ್ನೂ ತಟ್ಟಕೂಡದು.

"ತಂದ ಉಂಡಿ ಬ್ಯಾಡ, ಬರದವರ ಫೀ ಬೇಕು. ಚಲೋ ಐತಿ ಧಂದೆ," ಅಂದರು ನಮ್ಮ ಯಜಮಾನರು, ಅದೇ ಉಂಡಿ ಮುರಿಯುತ್ತ.

"ಸುಮ್ನ ತಿನ್ರಿ," ಅಂದೆ.

ದೀಪಾವಳಿ ಹೋಯಿತು, ಥಂಡಿ ಬಂತು, ಬೀಗ ತೆರೆಯಲಿಲ್ಲ. ಸಂಕ್ರಾಂತಿಯ ದಿನವೇ ನಮ್ಮ ಪಾಳಿ ಬಂತು. ಅಂದು ನಮ್ಮ ಮನೆಯಲ್ಲಿ ಓಣಿಯ ಹೆಂಗಸರನ್ನೆಲ್ಲ ಕರೆಯುವ ಅರಿಸಿನ-ಕುಂಕುಮ. ಹಿಂದಿನ ದಿನ ನಾನು ಕುಸುರೆಳ್ಳು ಮಾಡುತ್ತ ಕೂತಿದ್ದೆ. ಸಣ್ಣ ಉರಿಯ ಮೇಲೆ ಎಳ್ಳಿಗೆ ಹನಿ ಹನಿ ಪಾಕ ಬಿಟ್ಟು ಬೆರಳಿನಿಂದ ಆಡಿಸುತ್ತಲೇ ಇರಬೇಕು, ಆಗ ಮುಳ್ಳು ಏಳುತ್ತವೆ. ಕೈ ನಿಂತರೆ ಎಲ್ಲ ಗಂಟು. ಯಜಮಾನರು ಭಾಜಿ ತರಲು ಹೋಗಿದ್ದರು.

"ಅಯ್ಯ, ಐದಾಗಾಕ ಬಂತು. ಬಾಯಿಯವ್ರಿಗೆ ಫೋನ್ ಮಾಡೂದಽ ಮರ್ತೆ," ಅಂದೆ ನನ್ನಷ್ಟಕ್ಕೆ.

ಹುಡುಗಿ ಎದ್ದು ಹೋದಳು. ಬಾಯಿಯವರ ನಂಬರು ಫೋನಿನ ಪಕ್ಕದಲ್ಲೇ ಬರೆದಿಟ್ಟಿತ್ತು. ಫೋನಿನ ಗುಂಡಿ ಒತ್ತಿದ ಸದ್ದು. ಆಮೇಲೆ ಮರಾಠಿಯಲ್ಲಿ, ಸಣ್ಣ ಆದರೆ ಸ್ಪಷ್ಟ ದನಿ: "ಉದ್ಯಾ ಆಮ್ಹೀ ಯೇಣಾರ ನಾಹೀ. ಆಜೀಕಡೆ ಹಳದೀ-ಕುಂಕೂ ಆಹೆ." ನಾಳೆ ನಾವು ಬರುವುದಿಲ್ಲ, ಅಜ್ಜಿಯದು ಅರಿಸಿನ-ಕುಂಕುಮ ಐತಿ.

ನಾನು ಎಳ್ಳಿನ ಮೇಲೇ ಕಣ್ಣಿಟ್ಟೆ. ಕೈ ನಿಲ್ಲಿಸಲಿಲ್ಲ.

"ಅಜ್ಜಿ, ಮುಂದಿನ ವಾರ ಬರ್ರಿ ಅಂದ್ರು. ಫೀ ಇಲ್ಲಂತ."

"ಬರೋಬರ್," ಅಂದೆ. "ಇನ್ನೊಂದು ಚಮಚಾ ಪಾಕ ಬಿಡವಾ." ಚಪ್ಪಾಳೆ ಇಲ್ಲ. ಕಣ್ಣೀರಿಗೆ ಬಾಯಿಯವರು ನಿಯಮ ಹೇಳಿರಲಿಲ್ಲ, ಅದು ಸುರಿಯಿತು. ಆ ವರ್ಷದಷ್ಟು ಮುಳ್ಳು ನನ್ನ ಕುಸುರೆಳ್ಳಿಗೆ ಎಂದೂ ಎದ್ದಿಲ್ಲ.

"ಇನ್ನ ಅಜ್ಜಿ-ಮೊಮ್ಮಗಳು ಕೂಡಿ ಫೋನ್ ಬಿಲ್ಲು ಏರಸ್ತೀರಿ," ಅಂದರು ಭಾಜಿ ತಂದು ಸುದ್ದಿ ಕೇಳಿದ ಯಜಮಾನರು. ಮುಖ ಮಾತ್ರ ಆಕಡೆ ತಿರುಗಿಸಿದರು.

ಮರುದಿನ ಪಕ್ಕದ ಮನೆಯಾಕೆ ಹುಡುಗಿಯ ಕೈಗೆ ಎಳ್ಳುಂಡೆ ಇಟ್ಟು, ಸಿಹಿ ಸಿಹಿ ಮಾತಾಡು ಎಂದು ವಾಡಿಕೆಯಂತೆ ಹೇಳಿದಳು. ಉತ್ತರ ನನ್ನ ನಾಲಿಗೆಯ ತುದಿಗೇ ಬಂತು. ಕಚ್ಚಿ ಹಿಡಿದೆ.

"ತುಮ್ಹೀ ಪಣ," ಅಂದಳು ನನ್ನ ಹುಡುಗಿ. ನೀವೂ ಅಷ್ಟೇ.