ಪಾದ್ರಿ ಏಳದ ದಿನ

ಜಿಲ್ಫಾ ಬೀಲ್‌ಗೆ ಹದಿನಾರು ವರ್ಷ. ಅವಳ ಕಿವಿಯ ಕೆಲಸ ಮಾಡುತ್ತಿದ್ದದ್ದು ಒಂದು ಬೆಕ್ಕು.

1911ರ ಚಳಿಗಾಲದಲ್ಲಿ ಅಮೆರಿಕದ ಮೇನ್ ತೀರಕ್ಕೆ ಬಂದ ಕೆಂಪು ಜ್ವರ ಅವಳ ಅಮ್ಮನನ್ನು ಕೊಂಡೊಯ್ದಿತು. ಹೋಗುವಾಗ ಜಿಲ್ಫಾಳ ಎರಡೂ ಕಿವಿಗಳನ್ನು ಗಂಟು ಕಟ್ಟಿಕೊಂಡು ಹೋಗಿತ್ತು. ಅಮ್ಮ ಹೋದದ್ದು ಊರಿಗೆಲ್ಲ ಗೊತ್ತು, ಕಿವಿ ಹೋದದ್ದು ಅವಳೊಬ್ಬಳಿಗೇ. ಒಂಟಿ ಹುಡುಗಿ, ಅದರ ಮೇಲೆ ಕಿವುಡಿ ಎಂದು ತಿಳಿದರೆ ಊರಿನ ಹಿರಿಯರು ಒಂದೇ ವಾರದಲ್ಲಿ ದಿಕ್ಕಿಲ್ಲದವರನ್ನು ಇಡುವ ಗುಡ್ಡದ ಮೇಲಿನ ಬಡವರ ಮನೆಗೆ ಸಾಗಿಸುತ್ತಿದ್ದರು. ಅಲ್ಲಿಗೆ ಹತ್ತಿದವರು ಇಳಿದು ಬರುತ್ತಿದ್ದದ್ದು ಶವಪೆಟ್ಟಿಗೆಯೊಳಗೆ ಮಾತ್ರ.

ಮೀನಿನ ಕಾರ್ಖಾನೆಯೊಳಗೆ ಅವಳಿಗೆ ಏನೂ ತೊಂದರೆಯಿರಲಿಲ್ಲ. ಉದ್ದನೆಯ ಮೇಜಿನ ಎರಡೂ ಕಡೆ ನಿಂತು, ಮೀನಿನ ತಲೆಬಾಲ ಕತ್ತರಿಸಿ ಡಬ್ಬಿಗೆ ಜೋಡಿಸುವ ಹೆಂಗಸರು ಯಂತ್ರಗಳ ಗದ್ದಲದಲ್ಲಿ ತುಟಿ ನೋಡಿಯೇ ಮಾತಾಡುತ್ತಿದ್ದರು. ಅಲ್ಲಿ ಎಲ್ಲರೂ ಕಿವುಡರೇ. ಮೇಸ್ತ್ರಿ ಪ್ರೆಬಲ್‌ನ ಪೊದೆಯಂಥ ಮೀಸೆಯ ಹಿಂದೆ ಮಾತ್ರ ತುಟಿ ಕಾಣುತ್ತಿರಲಿಲ್ಲ. ಅವನು ಏನಂದರೂ ಜಿಲ್ಫಾ ತಲೆಯಾಡಿಸಿಬಿಡುತ್ತಿದ್ದಳು. ಹತ್ತರಲ್ಲಿ ಎಂಟು ಸಲ ಅದು ಹೊಂದುತ್ತಿತ್ತು. ಅಷ್ಟರಮಟ್ಟಿಗೆ ತಾನು ಊರಿನ ಅತ್ಯಂತ ವಿಧೇಯ ಹುಡುಗಿ ಎಂದು ಅವಳು ಒಳಗೊಳಗೇ ನಗುತ್ತಿದ್ದಳು.

ಕಷ್ಟವಿದ್ದದ್ದು ಹೊರಗೆ. ಮೀನಿನ ದೋಣಿ ಯಾವ ಹೊತ್ತಿಗೆ ಬಂದರೂ ಕಾರ್ಖಾನೆಯ ಸೀಟಿ ಕೂಗುತ್ತಿತ್ತು. ಬಟ್ಟೆ ಒಗೆಯುತ್ತಿದ್ದವರು, ರೊಟ್ಟಿ ಬೇಯಿಸುತ್ತಿದ್ದವರು, ಎಲ್ಲ ಬಿಟ್ಟು ಓಡಬೇಕು. ಆಗಲೇ ಅವಳ ಬೆಕ್ಕು ಪಾದ್ರಿ ಬೇಕಾಗುತ್ತಿದ್ದದ್ದು. ಮೈಯೆಲ್ಲ ಕಪ್ಪು, ಕುತ್ತಿಗೆಗೆ ಬಿಳಿಪಟ್ಟಿ, ಹಾಗಾಗಿ ಆ ಹೆಸರು. ಸೀಟಿ ಕೇಳಿದ್ದೇ ಮೀನಿನ ತಲೆಗಳ ಆಸೆಗೆ ಪಾದ್ರಿ ಎದ್ದು ಬಾಗಿಲು ಕೆರೆಯುತ್ತಿತ್ತು. ಅದರ ಹಿಂದೆ ಜಿಲ್ಫಾಳ ಓಟ. ಜೂನ್‌ನಲ್ಲಿ ಒಮ್ಮೆ ಬೆಕ್ಕನ್ನು ಹೊರಗೆ ಬಿಟ್ಟು ಬಾಗಿಲು ಹಾಕಿಕೊಂಡು ತಡವಾಗಿತ್ತು. ಇನ್ನೊಂದು ಸಲ ತಡವಾದರೆ ಕೆಲಸವಿಲ್ಲ ಎಂದಿದ್ದ ಪ್ರೆಬಲ್. ಅದಕ್ಕೂ ಅವಳು ತಲೆಯಾಡಿಸಿದ್ದಳು.

ಆಗಸ್ಟ್‌ನ ಆ ಮಂಗಳವಾರ ಮಂಜು ಕವಿದು ಮೂರನೇ ದಿನ. ಕಿಟಕಿಯಾಚೆ ಬೇಲಿಯೂ ಕಾಣುತ್ತಿರಲಿಲ್ಲ. ಊಟವಾದ ಮೇಲೆ ಜಿಲ್ಫಾ ಕಾಲುಚೀಲ ಹೊಲಿಯುತ್ತಾ ಕೂತಳು. ಪಾದ್ರಿ ಒಲೆಯ ಹಿಂದೆ ಮಲಗಿತ್ತು. ಅದು ಏಳಲಿಲ್ಲ, ಇವಳೂ ಏಳಲಿಲ್ಲ. ಒಂದು ಕಾಲುಚೀಲ ಮುಗಿಯಿತು, ಎರಡನೆಯದೂ ಮುಗಿಯಿತು. ಮಂಜಿನಲ್ಲಿ ದೋಣಿ ತಡವಾಗಿರಬೇಕು ಎಂದುಕೊಂಡು, ಬೆಕ್ಕಿನ ಹೊಟ್ಟೆ ಸವರೋಣವೆಂದು ಬಗ್ಗಿದಳು.

ಪಾದ್ರಿಯ ಹೊಟ್ಟೆಗೆ ಇಲಿಯಂಥ ಮೂರು ಮರಿಗಳು ಅಂಟಿಕೊಂಡಿದ್ದವು.

ಎರಡು ವರ್ಷ ಸಾಕಿದ ಬೆಕ್ಕು ಗಂಡೋ ಹೆಣ್ಣೋ ನೋಡದವಳು, ಅದನ್ನೇ ನಂಬಿ ಅನ್ನ ತಿನ್ನುತ್ತಿದ್ದಳು.

ಅವಳು ಪಕ್ಕದ ಅಂಗಳಕ್ಕೆ ಓಡಿದಳು. ಕಾರ್ಖಾನೆಯಲ್ಲಿ ಜೊತೆಗೆ ನಿಲ್ಲುವ, ಅವಳು ಚಿಕ್ಕಮ್ಮ ಎಂದು ಕರೆಯುವ ಹಲ್ಡಾಳ ಅರ್ಧ ಬಟ್ಟೆ ಹಗ್ಗದ ಮೇಲಿತ್ತು, ಅರ್ಧ ತೊಟ್ಟಿಯಲ್ಲಿ. ನೀರಿಗೆ ಕೈಯಿಟ್ಟಳು. ತಣ್ಣಗಾಗಿ, ಮೇಲೆ ಸಾಬೂನು ಕೆನೆಗಟ್ಟಿತ್ತು. ಸೀಟಿ ಕೂಗಿ ಒಂದು ಗಂಟೆಯಾದರೂ ಆಗಿರಬೇಕು.

ಕಾರ್ಖಾನೆ ಮುಟ್ಟುವಷ್ಟರಲ್ಲಿ ಅವಳ ಜಾಗದಲ್ಲಿ ಬೇರೆ ಹುಡುಗಿ ನಿಂತಿದ್ದಳು. ಪ್ರೆಬಲ್ ಎದುರಿಗೆ ಬಂದ. ಮೀಸೆ ಅಲುಗಾಡಿತು. ಜಿಲ್ಫಾ ತಲೆಯಾಡಿಸಿದಳು. ಮೀಸೆ ಇನ್ನೂ ಜೋರಾಗಿ ಅಲುಗಾಡಿತು. ಅವನು ಸಿಟ್ಟಿನಿಂದ ಕೈ ಮೇಲೆತ್ತಿ ಬೀಸಿದ. ಬೈಯುತ್ತಿದ್ದಾನೆಂದುಕೊಂಡು ಅವಳು ಹಲ್ಡಾ ಚಿಕ್ಕಮ್ಮನ ತುಟಿಗಳತ್ತ ತಿರುಗಿದಳು.

"ಯಾಕೇ ಗೋಣು ಹಾಕ್ತೀಯಾ ಮಂಕೇ? ಸೀಟಿ ಕೇಳಿಸ್ತಾ, ಇಲ್ವಾ ಅಂತ ಕೇಳ್ತಿದಾನೆ. ಕೇಳಿಸ್ತು ಅಂದ್ರೆ ಮೈಗಳ್ಳಿ ಅಂತ ಈಗ್ಲೇ ಓಡಿಸ್ತಾನೆ. ಹುಷಾರಿರ್ಲಿಲ್ಲ ಅನ್ನು."

ಜಿಲ್ಫಾ ಬಾಯಿ ತೆರೆದಳು. ಹುಷಾರಿರಲಿಲ್ಲ ಎಂದರೆ ಇವತ್ತು ಉಳಿಯಬಹುದು. ನಾಳೆ? ಪಾದ್ರಿ ಇನ್ನು ಮರಿಗಳನ್ನು ಬಿಟ್ಟು ಏಳುವುದಿಲ್ಲ. ಒಬ್ಬಳಿಗಾದರೂ ಹೇಳಲೇಬೇಕಿತ್ತು. ಅವಳು ಚಿಕ್ಕಮ್ಮನ ಕಿವಿಯ ಹತ್ತಿರ ಬಗ್ಗಿ, ಆ ಗದ್ದಲದಲ್ಲಿ ಒಬ್ಬರಿಗೆ ಮಾತ್ರ ಕೇಳಲು ಎಷ್ಟು ಕೂಗಬೇಕೋ ಅಷ್ಟು ಕೂಗಿದಳು.

"ನಂಗೆ ಸೀಟಿ ಕೇಳ್ಸಲ್ಲ ಚಿಕ್ಕಮ್ಮ. ಜ್ವರ ಬಂದಾಗಿಂದ ಏನೂ ಕೇಳ್ಸಲ್ಲ. ಯಾರ್ಗೂ ಹೇಳ್ಬೇಡ, ಗುಡ್ಡಕ್ಕೆ ಕಳಿಸ್ತಾರೆ."

ಮೇಜಿನ ಆ ತುದಿಯವರೆಗೂ ಕತ್ತರಿಗಳು ನಿಂತವು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಆಗ ಅವಳಿಗೆ ತನ್ನ ಪಾದಗಳ ನೆನಪಾಯಿತು. ಯಂತ್ರಗಳಿಗೆ ಸದಾ ನಡುಗುವ ನೆಲ ಈಗ ನಡುಗುತ್ತಿರಲಿಲ್ಲ. ಪ್ರೆಬಲ್ ಕೈ ಬೀಸಿದ್ದು ಬೈಯಲಿಕ್ಕಲ್ಲ. ಇವಳ ಉತ್ತರ ಕೇಳಿಸಲಿ ಎಂದು ಯಂತ್ರ ನಿಲ್ಲಿಸಲಿಕ್ಕೆ. ಚಿಕ್ಕಮ್ಮ ಆಗ ಬರೀ ತುಟಿ ಆಡಿಸಿದ್ದಳು, ದನಿ ತೆಗೆದಿರಲಿಲ್ಲ.

ಅವನು ತಲೆಯಿಂದ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ಹಲ್ಡಾಗೆ ಏನೋ ಹೇಳಿದ. ಇಬ್ಬರೂ ಬೇಕಂತಲೇ ಮುಖ ಆಚೆ ತಿರುಗಿಸಿದ್ದರು. ನೆಲ ಮತ್ತೆ ನಡುಗತೊಡಗಿತು.

ಹಲ್ಡಾ ಸರಿದು, ಮೇಜಿನ ಮೇಲೆ ಎರಡು ಗೇಣು ಜಾಗ ಮಾಡಿ, ತನ್ನ ಇನ್ನೊಂದು ಕತ್ತರಿಯನ್ನು ಅವಳತ್ತ ತಳ್ಳಿದಳು.

"ಏನಂದ?" ಜಿಲ್ಫಾ ಕೇಳಿದಳು.

"ಶನಿವಾರ ಊರ ಹಿರಿಯರು ಸೇರ್ತಾರಂತೆ. ಹೇಳ್ದೇ ಇರಕ್ಕೆ ಆಗಲ್ವಂತೆ. ಅಲ್ಲೀತನಕ ಇರ್ಲಿ ಅಂದ."

ಜಿಲ್ಫಾ ಮೀನು ಕತ್ತರಿಸಿದಳು. ಬಾಲದ ಜೊತೆ ಅರ್ಧ ಮೈಯೂ ಹೋಯಿತು.

ಹಲ್ಡಾ ಅವಳ ಗಲ್ಲ ಹಿಡಿದು ತಿರುಗಿಸಿಕೊಂಡಳು. "ಇಲ್ನೋಡು. ನನ್ ಬಟ್ಟೆ ಹಗ್ಗ ಉದ್ದ ಇದೆ. ಇವತ್ತೇ ನಿನ್ ಕಿಟಕೀಲಿ ತೂರಿಸಿ ಕೈಗೆ ಕಟ್ತೀನಿ. ಸೀಟಿ ಆದ್ರೆ ಎಳೀತೀನಿ. ಬೆಕ್ಕಿಗಿಂತ ನಾನು ವಾಸಿ, ಮರಿ ಹಾಕೋ ವಯಸ್ಸು ದಾಟಿದೆ."

"ಶನಿವಾರ ಆದ್ಮೇಲೆ?"

ಹಲ್ಡಾ ಅವಳು ಕೆಡಿಸಿದ ಮೀನನ್ನು ತನ್ನ ಡಬ್ಬಿಯ ತಳಕ್ಕೆ ತುರುಕಿ, ಮೇಲೆ ಒಳ್ಳೆಯದೊಂದನ್ನು ಜೋಡಿಸಿದಳು. ಆಮೇಲೆ ಮುಂದಿನ ಮೀನಿಗೆ ಕೈ ಹಾಕಿದಳು.